ಪ್ರಳಯ ನೋಡಿ ನಗಬೇಕು: ಹಾಸನದಲ್ಲಿ ನಾಲ್ಕು ಭಾನುವಾರಕ್ಕೆ ಸಿನಿಮಾ ಹೇಳಿ

ಮಳೆಗಾಲದ_ಪ್ರೇಕ್ಷಕ
(ಸೋಮವಾರ, ರಾತ್ರಿ 9:20)

ಎಲ್ಲರಿಗೂ ನಮಸ್ಕಾರ. ಹೋದ ವಾರ ಮೂರು ದಿನ ಊರಲ್ಲಿದ್ದೆ. ಸಕಲೇಶಪುರ ದಾಟಿ, ದೋಣಿಗಾಲ್ ಆಚೆ. ಮಳೆ ಅಂದರೆ ಮಳೆ. ಕರೆಂಟು ಮೊದಲ ದಿನ ಮಧ್ಯಾಹ್ನವೇ ಹೋಯಿತು. ಮೊಬೈಲ್ ಟವರ್ ಎರಡನೇ ದಿನ ಹೋಯಿತು. ಮೂರನೇ ದಿನ ಹಾಸನಕ್ಕೆ ವಾಪಸ್ ಬರೋಣ ಅಂತ ಬಸ್ಸು ಹತ್ತಿದೆ.

ಒಂದು ತಿರುವಿನಲ್ಲಿ ಅರ್ಧ ರಸ್ತೆಯೇ ಇಲ್ಲ. ಕೆಳಗೆ ಜಾರಿ ಹೋಗಿದೆ. ಡ್ರೈವರ್ ಉಳಿದರ್ಧದ ಮೇಲೆ ಇಂಚಿಂಚಾಗಿ ಬಸ್ಸು ಬಿಡುತ್ತಿದ್ದಾರೆ. ಕಿಟಕಿಯಲ್ಲಿ ಬಗ್ಗಿದರೆ ಕೆಂಪು ನೀರು. ಬಸ್ಸಿನಲ್ಲಿ ಒಂದು ಮಗುವೂ ಅಳುತ್ತಿಲ್ಲ. ಆಗ ಕಂಡಕ್ಟರ್ ನನ್ನ ಹತ್ತಿರ ಬಂದು, "ಎರಡು ರೂಪಾಯಿ ಚಿಲ್ಲರೆ ಇದ್ರೆ ಕೊಡಿ, ಐದು ವಾಪಸ್ ಕೊಡ್ತೀನಿ" ಎಂದರು. ನಾನು ಜೇಬು ತಡಕಿದೆ. ಪಕ್ಕದವರೂ ತಡಕಿದರು. ಹಿಂದಿನ ಸೀಟಿನ ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿದರು. ಎರಡು ರೂಪಾಯಿ ಸಿಗುವ ಹೊತ್ತಿಗೆ ಬಸ್ಸು ಆಚೆ ದಾಟಿತ್ತು.

ಮನೆಗೆ ಬಂದ ಮೇಲೆ 1964ರ 'ಡಾಕ್ಟರ್ ಸ್ಟ್ರೇಂಜ್‌ಲವ್' ಇನ್ನೊಂದು ಸಲ ನೋಡಿದೆ. ತಲೆಕೆಟ್ಟ ಒಬ್ಬ ಜನರಲ್ ರಷ್ಯಾದ ಮೇಲೆ ಅಣುಬಾಂಬ್ ವಿಮಾನಗಳನ್ನು ಬಿಟ್ಟಿರುತ್ತಾನೆ. ಅವನ್ನು ವಾಪಸ್ ಕರೆಯುವ ಕೋಡ್ ಒಬ್ಬ ಬ್ರಿಟಿಷ್ ಅಧಿಕಾರಿಗೆ ಹೊಳೆದಿರುತ್ತದೆ. ಅಧ್ಯಕ್ಷರಿಗೆ ಫೋನ್ ಮಾಡಬೇಕು. ಇರುವುದು ನಾಣ್ಯ ಹಾಕುವ ಫೋನು. ಚಿಲ್ಲರೆ ಇಲ್ಲ! ಜೊತೆಗಿದ್ದ ಸೈನಿಕನಿಗೆ, ಆ ಕೋಕಾ-ಕೋಲಾ ಮಷೀನಿಗೆ ಗುಂಡು ಹೊಡೆದು ನಾಣ್ಯ ತೆಗೆ ಅಂತ ಬೇಡಿಕೊಳ್ಳುತ್ತಾನೆ. ಅವನು, ಅದು ಕಂಪನಿ ಸ್ವತ್ತು, ಹೆಚ್ಚುಕಮ್ಮಿ ಆದರೆ ಕಂಪನಿಗೆ ನೀನೇ ಉತ್ತರ ಹೇಳಬೇಕು ಅಂತ ಹೆದರಿಸುತ್ತಾನೆ. ಮೊದಲ ಸಲ ನೋಡಿದಾಗ ಇದು ಅತಿಯಾಯಿತು ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ನನ್ನ ಲೆಕ್ಕ ಇಷ್ಟೇ. ಲೋಕ ಮುಳುಗುವ ಸಿನಿಮಾದಲ್ಲಿ ನಗು ಬರುವುದು ಬಾಂಬಿನಿಂದ ಅಲ್ಲ, ಚಿಲ್ಲರೆಯಿಂದ. ಹಾಸನದಲ್ಲಿ ಸಾಲಗಾಮೆ ರಸ್ತೆ ಹತ್ತಿರ ನಮ್ಮ ಮಾವನ ಮನೆ ಮಹಡಿ ಖಾಲಿ ಇದೆ. ಪ್ರೊಜೆಕ್ಟರ್ ಒಬ್ಬರು ಕೊಡುತ್ತಾರೆ. ನಾಲ್ಕು ಭಾನುವಾರ, ನಾಲ್ಕು ಸಿನಿಮಾ, ನಮ್ಮನಮ್ಮವರೇ ಹದಿನೈದು ಜನ. ನಗಬೇಕು, ನಕ್ಕಿದ್ದಕ್ಕೆ ಆಮೇಲೆ ಸ್ವಲ್ಪ ಮುಜುಗರವೂ ಆಗಬೇಕು. ಹೇಳಿ.


ಕಾಫಿ_ಚರಟ
(ಸೋಮವಾರ, ರಾತ್ರಿ 9:52)

ಚಿಲ್ಲರೆ ಅಂದ್ರೆ ನೀವು 2021ರ 'ಡೋಂಟ್ ಲುಕ್ ಅಪ್' ಬಿಡೋ ಹಾಗೇ ಇಲ್ಲ ಮಾರಾಯ್ರೆ. ಭೂಮಿಗೆ ಧೂಮಕೇತು ಬಡಿಯುತ್ತದೆ, ಆರು ತಿಂಗಳು ಚಿಲ್ಲರೆ ದಿನ ಬಾಕಿ. ಅದನ್ನು ಹೇಳಲು ಇಬ್ಬರು ವಿಜ್ಞಾನಿಗಳು ಅಮೆರಿಕದ ಅಧ್ಯಕ್ಷರ ಕಚೇರಿಗೆ ಹೋಗುತ್ತಾರೆ. ಗಂಟೆಗಟ್ಟಲೆ ಹೊರಗೆ ಕೂರಿಸುತ್ತಾರೆ. ಅಷ್ಟರಲ್ಲಿ ಸೇನೆಯ ಒಬ್ಬ ಜನರಲ್ ನೀರು, ಕುರುಕಲು ತಂದುಕೊಟ್ಟು ದುಡ್ಡು ಇಸಿದುಕೊಳ್ಳುತ್ತಾನೆ. ಆಮೇಲೆ ನೋಡಿದರೆ ಅದೆಲ್ಲ ಅಲ್ಲಿ ಫ್ರೀ!

ಜೆನಿಫರ್ ಲಾರೆನ್ಸ್ ಪಾತ್ರ ಸಿನಿಮಾ ಪೂರ್ತಿ ಇದನ್ನೇ ಯೋಚಿಸುತ್ತದೆ. ಧೂಮಕೇತು ಆಕಾಶದಲ್ಲಿ ಕಾಣಿಸುತ್ತಿದೆ, ಅವಳ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ಅಷ್ಟು ದೊಡ್ಡ ಹುದ್ದೆಯವನು ಆ ಪುಡಿಗಾಸಿಗೆ ಯಾಕೆ ಸುಳ್ಳು ಹೇಳಿದ?

ಇನ್ನೊಂದು ಕಾರಣ, ನಾನು ಚಿಕ್ಕಮಗಳೂರಿನವನು. ಕೊನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿರುತ್ತಾರೆ. ಇನ್ನು ಕೆಲವೇ ನಿಮಿಷ. ಆಗ ಮಾತು ಎತ್ತ ಹೋಗುತ್ತದೆ ಹೇಳಿ? ಕಾಫಿಗೆ! ನಮ್ಮನೇಲಿ ಬೀಜ ನಾವೇ ಪುಡಿ ಮಾಡಿಕೊಳ್ಳುತ್ತೇವೆ ಅಂತ. ನಮ್ಮ ದೊಡ್ಡಪ್ಪ ಸಾಯುವ ಹಿಂದಿನ ದಿನ, ಆಸ್ಪತ್ರೆ ಕಾಫಿಯಲ್ಲಿ ಚಿಕೋರಿ ಜಾಸ್ತಿ ಅಂತ ನರ್ಸ್ ಹತ್ತಿರ ಜಗಳ ಆಡಿದ್ದರು. ಆ ಸೀನ್ ಬಂದಾಗ ನನಗೆ ನಗುವೂ ಬಂತು, ಇನ್ನೊಂದೂ ಬಂತು.


ಅರಸೀಕೆರೆ_ಜಂಕ್ಷನ್
(ಸೋಮವಾರ, ರಾತ್ರಿ 10:05)

ನನ್ನ ಓಟು '2012'ಗೆ. 2009ರಲ್ಲಿ ಬಂದಿದ್ದು. ಅದು ಕಾಮಿಡಿ ಅಂತ ಡೈರೆಕ್ಟರಿಗೆ ಗೊತ್ತಿಲ್ಲ ಅಷ್ಟೇ. ಇಡೀ ಲಾಸ್ ಏಂಜಲೀಸ್ ಕುಸಿಯುತ್ತಿದೆ, ಮಧ್ಯೆ ಒಂದು ಉದ್ದದ ಲಿಮೋಸಿನ್ ಕಾರು ಬಿ.ಎಚ್. ರೋಡಿನಲ್ಲಿ ಆಟೋ ನುಗ್ಗುವ ಹಾಗೆ ನುಗ್ಗುತ್ತದೆ. ಬದುಕಬೇಕಾದವರಿಗೆ ಹಡಗು ಕಟ್ಟಿರುತ್ತಾರೆ, ಟಿಕೆಟ್ ತಲೆಗೆ ನೂರು ಕೋಟಿ ಯೂರೋ.

ನಮಗೆ ಆ ಕಷ್ಟ ಇಲ್ಲ. ಪ್ರಳಯ ಬಂದರೆ ಸೀದಾ ಮುಳ್ಳಯ್ಯನಗಿರಿ. ರಾಜ್ಯದಲ್ಲೇ ಎತ್ತರ.


ಕಾಫಿ_ಚರಟ
(ಸೋಮವಾರ, ರಾತ್ರಿ 10:11)

@ಅರಸೀಕೆರೆ_ಜಂಕ್ಷನ್ ಗಿರಿಗೆ ಈಗ ಆನ್‌ಲೈನ್ ಬುಕಿಂಗ್ ಬೇಕು ಸ್ವಾಮಿ. ಪ್ರಳಯದ ದಿನ ಸ್ಲಾಟ್ ಸಿಗುತ್ತದಾ ನೋಡಿ. ಬೆಂಗಳೂರಿನವರು ಮೊದಲೇ ಮಾಡಿಸಿರುತ್ತಾರೆ.


ಶಿಲಾಬಾಲಿಕೆ_ರಜೆಯಲ್ಲಿ
(ಸೋಮವಾರ, ರಾತ್ರಿ 11:30)

ಬೇಲೂರಿನಿಂದ ಒಂದು ತಕರಾರು. ಚಿಲ್ಲರೆ ಸೀನು ಚೆಂದ, ಒಪ್ಪಿದೆ. ಆದರೆ ಸ್ಟ್ರೇಂಜ್‌ಲವ್‌ನ ಶಕ್ತಿ ಅಲ್ಲಿಲ್ಲ. ಅದು ಹುಟ್ಟಿದ್ದೇ ಗಂಭೀರ ಸಿನಿಮಾ ಆಗಬೇಕು ಅಂತ. ಪೀಟರ್ ಜಾರ್ಜ್ ಬರೆದ 'ರೆಡ್ ಅಲರ್ಟ್' ಕಾದಂಬರಿಯಲ್ಲಿ ನಗುವಿನ ವಿಷಯ ಏನೂ ಇಲ್ಲ. ನಿರ್ದೇಶಕ ಕ್ಯೂಬ್ರಿಕ್ ಚಿತ್ರಕಥೆ ಬರೆಯಲು ಕೂತಾಗ, ನಿಜ ಅನ್ನಿಸುವ ವಿವರಗಳೇ ನಗು ತರಿಸುತ್ತಿದ್ದವು. ಜನ ನಕ್ಕುಬಿಟ್ಟಾರು ಅಂತ ಅವನ್ನೆಲ್ಲ ಹೊಡೆದುಹಾಕುತ್ತ ಹೋದರೆ ಕಥೆಯೇ ಉಳಿಯುವುದಿಲ್ಲ. ಕೊನೆಗೆ ಅವನ್ನೇ ಇಟ್ಟುಕೊಂಡರು.

ಒಂದು ವಿವರ ನೋಡಿ. ರಷ್ಯಾದವರ ಹತ್ತಿರ ಒಂದು ಯಂತ್ರ ಇದೆ. ಅವರ ಮೇಲೆ ಬಾಂಬ್ ಬಿದ್ದರೆ ಅದು ತಾನಾಗೇ ಇಡೀ ಭೂಮಿಯನ್ನು ಮುಗಿಸುತ್ತದೆ, ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಎದುರಾಳಿಗೆ ಭಯ ಹುಟ್ಟಿಸಲೆಂದೇ ಮಾಡಿದ್ದು. ಆದರೆ ಅಂಥದ್ದೊಂದು ಇದೆ ಅಂತ ಯಾರಿಗೂ ಹೇಳಿಲ್ಲ! ಸೋಮವಾರ ಪಕ್ಷದ ಸಭೆಯಲ್ಲಿ ಹೇಳೋಣ ಅಂದುಕೊಂಡಿದ್ದರಂತೆ. ನಮ್ಮ ನಾಯಕರಿಗೆ ಸರ್‌ಪ್ರೈಸ್ ಅಂದರೆ ಇಷ್ಟ ಅಂತ ರಾಯಭಾರಿ ವಿವರಣೆ ಕೊಡುತ್ತಾನೆ. ಇದನ್ನು ತಮಾಷೆ ಅಂತೀರಾ, ಅಣುಯುಗದ ತರ್ಕ ಅಂತೀರಾ?

ಅದೇ 1964ರಲ್ಲಿ, ಅದೇ ಕೊಲಂಬಿಯಾ ಕಂಪನಿಯಿಂದ 'ಫೇಲ್ ಸೇಫ್' ಬಂತು. ಕಥೆ ಹೆಚ್ಚುಕಡಿಮೆ ಅದೇ, ಆದರೆ ಪೂರ್ತಿ ಗಂಭೀರ. ಸಿಡ್ನಿ ಲ್ಯೂಮೆಟ್ ಮಾಡಿದ್ದು, ಕೆಟ್ಟ ಸಿನಿಮಾ ಅಲ್ಲವೇ ಅಲ್ಲ. ಆದರೂ ಇವತ್ತು ಈ ಚರ್ಚೆಯಲ್ಲಿ ಅದರ ಹೆಸರು ಮೊದಲು ಎತ್ತಿದ್ದು ನಾನು, ಐದನೇ ಮೆಸೇಜಿನಲ್ಲಿ.

ಸ್ಟ್ರೇಂಜ್‌ಲವ್‌ನ ಮೊದಲ ಪ್ರದರ್ಶನ ಇಟ್ಟುಕೊಂಡಿದ್ದ ದಿನವೂ ವಿಚಿತ್ರ. 1963ರ ನವೆಂಬರ್ 22. ಅವತ್ತೇ ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆ ಆಯಿತು. ಪ್ರದರ್ಶನ ರದ್ದು, ಬಿಡುಗಡೆ ಜನವರಿಗೆ ಹೋಯಿತು. ಒಂದು ಮಾತಿನಲ್ಲಿ ಡಲ್ಲಾಸ್ ಅಂತ ಬರುತ್ತಿತ್ತು, ಅದನ್ನು ವೇಗಾಸ್ ಅಂತ ಡಬ್ ಮಾಡಿದರು. ತುಟಿ ಗಮನಿಸಿ, ಗೊತ್ತಾಗುತ್ತದೆ.


ಚಾರ್ಮಾಡಿ_ತಿರುವು
(ಮಂಗಳವಾರ, ಬೆಳಗ್ಗೆ 6:48)

ರಾತ್ರಿ ಎಲ್ಲ ಓದಿದೆ. ಬೇಜಾರು ಮಾಡಿಕೊಳ್ಳಬೇಡಿ. ಸಿನಿಮಾ ನೋಡುವವರಿಗೆ ಇದೆಲ್ಲ ಸರಿ. ನಮ್ಮ ಕಡೆ ಗುಡ್ಡ ಬಂದಾಗ ನಮಗೆ ಯಾರಿಗೂ ನಗು ಬರಲಿಲ್ಲ. ಬಸ್ಸು ಆಚೆ ದಾಟಿದ್ದಕ್ಕೆ ನಿಮಗೆ ಚಿಲ್ಲರೆ ಕಥೆ ಆಯಿತು. ದಾಟದೇ ಇದ್ದಿದ್ದರೆ?


ಮಳೆಗಾಲದ_ಪ್ರೇಕ್ಷಕ
(ಮಂಗಳವಾರ, ಬೆಳಗ್ಗೆ 8:15)

ನಿಜ ಅಣ್ಣ. ದಾಟದಿದ್ದರೆ ನಾನು ಬರೆಯುತ್ತಿರಲಿಲ್ಲ. ನಿಮ್ಮ ಮನಸ್ಸು ನೋಯಿಸಬೇಕು ಅಂತ ಅಲ್ಲ. ಬೇಡ ಅನ್ನಿಸಿದರೆ ಈ ಚರ್ಚೆ ಇಲ್ಲಿಗೇ ಬಿಡೋಣ.


ಕಾಫಿ_ಚರಟ
(ಮಂಗಳವಾರ, ಬೆಳಗ್ಗೆ 8:40)

ಯಾಕೆ ಬಿಡಬೇಕು? ಸಾವಿನ ಮನೆಯಲ್ಲಿ ನಗದೆ ಇರುವ ಊರು ಯಾವುದಿದೆ ನಮ್ಮಲ್ಲಿ? 2015ರ 'ತಿಥಿ' ನೋಡಿ. ಮಂಡ್ಯ ಕಡೆಯ ಕಥೆ, ನಟಿಸಿದವರೂ ಅಲ್ಲಿನ ಹಳ್ಳಿಯವರೇ. ನೂರಾ ಒಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮೊಮ್ಮಗ ಜಮೀನಿನ ಪೇಪರ್ ಹಿಂದೆ, ಮರಿಮೊಮ್ಮಗ ಹುಡುಗಿ ಹಿಂದೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಸುಮ್ನೆ ಅಲೆಯುತ್ತಾನೆ.

ನಮ್ಮ ಜಿಲ್ಲೆಯವರಿಗಂತೂ ಇದು ಮನೆಯ ಮಾತು. ತೇಜಸ್ವಿ ಮೂಡಿಗೆರೆಯಲ್ಲಿ ಕೂತು 'ಚಿದಂಬರ ರಹಸ್ಯ' ಬರೆದರು. ಏಲಕ್ಕಿ ಇಳುವರಿ ಯಾಕೆ ಬಿತ್ತು ಅಂತ ತನಿಖೆ ಶುರುವಾಗುತ್ತದೆ. ಕೆಸರೂರಿನವರೆಲ್ಲ ತಂತಮ್ಮ ಸಣ್ಣ ಜಗಳ, ಜಾತಿ, ಗುಮಾನಿಯಲ್ಲಿ ಮುಳುಗಿರುತ್ತಾರೆ. ಪುಟಪುಟಕ್ಕೂ ನಗು. ಕೊನೆಗೆ ಬೆಂಕಿ ಬರುತ್ತದೆ. ಲೋಕ ಮುಳುಗುವ ಕಥೆ ಅಂದರೆ ನನಗೆ ಮೊದಲು ನೆನಪಾಗುವುದು ಹಾಲಿವುಡ್ ಅಲ್ಲ, ಕೆಸರೂರು.


ಅರಸೀಕೆರೆ_ಜಂಕ್ಷನ್
(ಮಂಗಳವಾರ, ಬೆಳಗ್ಗೆ 8:44)

ತಿಥಿ ಬೇರೆ, ಪ್ರಳಯ ಬೇರೆ. ಒಬ್ಬರು ಸತ್ತರೆ ಪಾಯಸ ಮಾಡಲು ಉಳಿದವರಿರುತ್ತಾರೆ.


ಚಾರ್ಮಾಡಿ_ತಿರುವು
(ಮಂಗಳವಾರ, ರಾತ್ರಿ 8:30)

ಬೆಳಗ್ಗೆ ಸ್ವಲ್ಪ ಖಾರವಾಗಿ ಬರೆದೆ. ಕೆಲಸದ ಮಧ್ಯೆ ಇಡೀ ದಿನ ಅದೇ ತಲೆಯಲ್ಲಿತ್ತು. ನಗಲಿಲ್ಲ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಒಂದು ಸಲ ನಕ್ಕಿದ್ದೇವೆ. ಅದನ್ನು ಹೇಳಿಬಿಡುತ್ತೇನೆ.

2019ರ ಆಗಸ್ಟ್. ನಮ್ಮದು ಮೂಡಿಗೆರೆ ತಾಲೂಕಿನ ಒಂದು ಸಣ್ಣ ಊರು. ಸಂಜೆ ಹಿತ್ತಲಲ್ಲಿ ನೀರು ಕೆಂಪಗೆ ಬರಲು ಶುರುವಾಯಿತು ಅಂತ ಅಪ್ಪ ಎಲ್ಲರನ್ನೂ ಮೇಲಿನ ಮನೆಗೆ ಕಳಿಸಿದರು. ಹಾಗಾಗಿ ಉಳಿದೆವು. ರಾತ್ರಿ ಗುಡ್ಡ ಬಂತು. ಮನೆ, ಕೊಟ್ಟಿಗೆ, ಎರಡು ಹಸು, ಕಾಳುಮೆಣಸು ಬಳ್ಳಿ ಹಬ್ಬಿದ್ದ ಮುಕ್ಕಾಲು ಎಕರೆ ತೋಟ, ಎಲ್ಲ ಹೋಯಿತು. ಬೆಳಗ್ಗೆ ನೋಡಿದರೆ ಹೊಸ ಮಣ್ಣು. ಯಾರೋ ಗದ್ದೆ ಹದ ಮಾಡಿಟ್ಟ ಹಾಗೆ.

ಶಾಲೆಯಲ್ಲಿ ಗಂಜಿ ಕೇಂದ್ರ. ಕೆಲವು ದಿನದ ಮೇಲೆ ಸರ್ವೆಗೆ ಬಂದರು. ಪಾಪ, ಬಂದವನು ಚಿಕ್ಕ ಹುಡುಗ, ಅವನದ್ದೂ ಬೂಟು ಕೆಸರಲ್ಲಿ ಹೋಗಿತ್ತು. ಮಾಲೀಕರನ್ನು ಬಿದ್ದ ಮನೆ ಮುಂದೆ ನಿಲ್ಲಿಸಿ ಫೋಟೊ ತೆಗೆಯಬೇಕು ಅಂತ ಅವನಿಗೆ ಆರ್ಡರ್. ನಮ್ಮ ಮನೆ ಬಿದ್ದಿಲ್ಲ, ಇಲ್ಲವೇ ಇಲ್ಲ. "ಎಲ್ಲಿತ್ತೋ ಅಲ್ಲೇ ನಿಲ್ಲಿ" ಎಂದ. ಅಪ್ಪ ಮೊಣಕಾಲುದ್ದ ಕೆಸರಿಗೆ ಇಳಿದು ಅಂದಾಜಿನ ಮೇಲೆ ನಿಂತರು. ಅಮ್ಮ ದಂಡೆ ಮೇಲಿಂದ, "ಅಲ್ಲಲ್ಲ, ಅದು ಬಚ್ಚಲುಮನೆ. ಇನ್ನೂ ಈಚೆ ಬನ್ನಿ. ಹಾಂ, ಅದು ಜಗಲಿ. ಅಲ್ಲೇ ನಿಲ್ಲಿ" ಅಂತ ಕೂಗಿ ಹೇಳಿದರು. ಅಪ್ಪ ಇಲ್ಲದ ಜಗಲಿ ಮೇಲೆ ಅಂಗಿ ಸರಿಮಾಡಿಕೊಂಡು ನಿಂತರು.

ಆದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಲೊಕೇಶನ್ ಬರದೆ ಆ ಆ್ಯಪು ಫೋಟೊ ತಗೊಳ್ಳುವುದಿಲ್ಲವಂತೆ. ಸಿಗ್ನಲ್ ಸಿಗುವುದು ಊರ ಮೇಲಿನ ನೀರಿನ ಟ್ಯಾಂಕ್ ಹತ್ತಿರ ಮಾತ್ರ. ಸರಿ, ಎಲ್ಲರೂ ಗುಡ್ಡ ಹತ್ತಿದೆವು. ಟ್ಯಾಂಕ್ ಪಕ್ಕ ಅಪ್ಪನನ್ನು ನಿಲ್ಲಿಸಿ ಫೋಟೊ ತೆಗೆದ. ಲೊಕೇಶನ್ ಬಂತು. ಅಪ್‌ಲೋಡ್ ಆಯಿತು.

ನಾಲ್ಕು ತಿಂಗಳ ಮೇಲೆ ಫೈಲ್ ವಾಪಸ್. ಯಾಕೆ ಅಂದರೆ, ಫೋಟೊದಲ್ಲಿರುವ ಜಾಗ ಗಟ್ಟಿ ನೆಲ, ಅಲ್ಲಿ ಗುಡ್ಡ ಜರಿದ ಗುರುತಿಲ್ಲ, ಹತ್ತಿರದ ಟ್ಯಾಂಕಿಗೂ ಏನೂ ಆಗಿಲ್ಲ.

ಅದನ್ನು ಓದಿ ಹೇಳಿದಾಗ ಅಪ್ಪ ನಕ್ಕರು. ಮಣ್ಣು ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಎಷ್ಟು ನಕ್ಕರು ಅಂದರೆ ಅಮ್ಮ ನೀರು ತರಲು ಓಡಿದರು. "ನೋಡೇ, ದಾಖಲೆಯಲ್ಲಿ ನಮ್ಮನೆ ಬಿದ್ದೇ ಇಲ್ಲ. ಮೇಲೆ ಟ್ಯಾಂಕ್ ಹತ್ತಿರ ಕಟ್ಟಿದ್ದಾರೆ, ನೀರಿನ ಕಷ್ಟ ಇಲ್ಲ" ಎಂದರು.

ಪರಿಹಾರ ಆಮೇಲೆ ಬಂತು, ಓಡಾಡಿದ್ದಕ್ಕೆ. ಫೋಟೊ ಮಾತ್ರ ಇವತ್ತಿಗೂ ಅದೇ ಇದೆ.

ಇಂಥದ್ದು ಇರುವ ಸಿನಿಮಾ ಇದ್ದರೆ ಹಾಕಿ, ನಾನೂ ಬರುತ್ತೇನೆ. ಕಟ್ಟಡ ಬೀಳುವುದನ್ನು ತೋರಿಸಿ ಚಪ್ಪಾಳೆ ಹೊಡೆಸುವುದು ಬೇಡ.


ಶಿಲಾಬಾಲಿಕೆ_ರಜೆಯಲ್ಲಿ
(ಮಂಗಳವಾರ, ರಾತ್ರಿ 9:10)

ಇದನ್ನು ಓದಿದ ಮೇಲೆ ನನ್ನ ತಕರಾರು ವಾಪಸ್ ತಗೊಂಡಿದ್ದೇನೆ. ಚಿಲ್ಲರೆ, ತರ್ಕ ಎರಡೂ ಒಂದೇ. ನಿಯಮ ತನ್ನ ಪಾಡಿಗೆ ಸರಿಯಾಗೇ ನಡೆಯುತ್ತಿದೆ, ನೆಲ ಮಾತ್ರ ಕೆಳಗಿಲ್ಲ.


ಗೊರೂರು_ಹಿನ್ನೀರು
(ಬುಧವಾರ, ಬೆಳಗ್ಗೆ 5:30)

ನಾನು ಹಳಬ, ಸಿನಿಮಾ ಕಡಿಮೆ ನೋಡಿದವನು. ಆದರೆ ತೆಲುಗಿನ 'ಸ್ಕೈಲ್ಯಾಬ್' ಅಂತ ಒಂದನ್ನು ಮಗ ಹಾಕಿಕೊಟ್ಟ, 2021ರದ್ದು. ಅಮೆರಿಕದ ಆಕಾಶ ನಿಲ್ದಾಣ ತಲೆ ಮೇಲೆ ಬೀಳುತ್ತದೆ ಅಂತ ತೆಲಂಗಾಣದ ಒಂದು ಹಳ್ಳಿ ನಡುಗುವ ಕಥೆ. ನಿತ್ಯಾ ಮೆನನ್ ಇದ್ದಾರೆ. ನಿಧಾನ, ಆದರೆ ನನಗೆ ಹಿಡಿಸಿತು. ಯಾಕೆಂದರೆ ಅದು ನಮ್ಮೂರಲ್ಲೂ ನಡೆದಿದೆ.

1979, ಜುಲೈ. ನನಗೆ ಹತ್ತು ವರ್ಷ. ರೇಡಿಯೋದಲ್ಲಿ ದಿನಾ ಅದೇ ಸುದ್ದಿ. ಎಪ್ಪತ್ತು ಚಿಲ್ಲರೆ ಟನ್ ಭಾರ, ಎಲ್ಲಿ ಬೀಳುತ್ತದೋ ಗೊತ್ತಿಲ್ಲ. ಹೇಗೂ ಹೋಗುವುದೇ ಅಂತ ಅಜ್ಜಿ ಮನೆಯ ಕೋಳಿಗಳನ್ನು ಒಂದೊಂದಾಗಿ ಕೊಯ್ಯಿಸಿದರು. ಹದಿಮೂರು ಕೋಳಿ. ವಾರಪೂರ್ತಿ ಮುದ್ದೆ, ಕೋಳಿಸಾರು. ಇಂಥ ಪ್ರಳಯ ವರ್ಷಕ್ಕೊಂದು ಬರಲಿ ಅಂತ ನಾವು ಮಕ್ಕಳು ಅಂದುಕೊಂಡೆವು. ಸಾಲ ವಾಪಸ್ ಕೊಡಬೇಕಾದ ಒಬ್ಬರು ದಿನಾ ಸಂಜೆ ಬಂದು, "ಎಲ್ಲಿವರೆಗೆ ಬಂತಂತೆ?" ಅಂತ ಆಸೆಯಿಂದ ಕೇಳಿಕೊಂಡು ಹೋಗುತ್ತಿದ್ದರು. ಜುಲೈ 11ಕ್ಕೆ ಅದು ಹಿಂದೂ ಮಹಾಸಾಗರ, ಆಸ್ಟ್ರೇಲಿಯಾ ಕಡೆ ಬಿತ್ತು. ಅಲ್ಲಿನ ಎಸ್ಪೆರೆನ್ಸ್ ಅನ್ನುವ ಊರಿನ ಆಡಳಿತದವರು, ಕಸ ಹಾಕಿದ್ದಕ್ಕೆ ಅಂತ ಅಮೆರಿಕಕ್ಕೆ 400 ಡಾಲರ್ ದಂಡ ಹಾಕಿದರು! ಅಜ್ಜಿಗೆ ಇದು ಗೊತ್ತಾಗಿದ್ದರೆ ಹದಿಮೂರು ಕೋಳಿ ಲೆಕ್ಕವನ್ನೂ ಸೇರಿಸಿ ಅನ್ನುತ್ತಿದ್ದರು.

ಈಗ ಕೇಳಿ. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಿದ್ದೂ ಅದೇ 1979. ನಾವೆಲ್ಲ ಮೇಲೆ ನೋಡುತ್ತಿದ್ದೆವು. ನೀರು ಕೆಳಗಿಂದ ಬಂತು.

ಅಜ್ಜಿ ಮನೆ ಮುಳುಗಡೆ. ಕೋಳಿಗೂಡು ಇದ್ದ ಜಾಗದ ಮೇಲೆ ಈಗ ಮೀನು ಹಿಡಿಯುತ್ತಾರೆ. ಶೆಟ್ಟಿಹಳ್ಳಿ ಚರ್ಚ್ ನೀವು ನೋಡಿರುತ್ತೀರಿ, ಮಳೆಗಾಲದಲ್ಲಿ ಅರ್ಧ ನೀರೊಳಗೆ ನಿಂತಿರುತ್ತದೆ. ಮದುವೆ ಹುಡುಗ ಹುಡುಗಿ ಬಂದು ಫೋಟೊ ಶೂಟ್ ಮಾಡಿಸುತ್ತಾರೆ. ಅಲ್ಲಿಗೆ ಹೋದಾಗಲೆಲ್ಲ ಒಬ್ಬ ಹುಡುಗ, "ಅಂಕಲ್, ಸ್ವಲ್ಪ ಸೈಡಿಗೆ, ಫ್ರೇಮಲ್ಲಿ ಬರ್ತಿದೀರ" ಅನ್ನುತ್ತಾನೆ. ನಾನು ಸೈಡಿಗೆ ಹೋಗುತ್ತೇನೆ.


ಶಿಲಾಬಾಲಿಕೆ_ರಜೆಯಲ್ಲಿ
(ಬುಧವಾರ, ಬೆಳಗ್ಗೆ 7:20)

ಸರ್, ನಿಮಗೆ ಒಂದು ಸಿನಿಮಾ ಸಿಕ್ಕಿತು. 2005ರ 'ದಿ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ'. ಮೂಲ ಡಗ್ಲಸ್ ಆ್ಯಡಮ್ಸ್ 1978ರಲ್ಲಿ ಬಿಬಿಸಿ ರೇಡಿಯೋಗೆ ಬರೆದಿದ್ದು. ಬೆಳಗ್ಗೆ ಎದ್ದರೆ ನಾಯಕನ ಮನೆ ಮುಂದೆ ಬುಲ್ಡೋಜರ್. ಬೈಪಾಸ್ ರಸ್ತೆಗೆ ಮನೆ ಒಡೆಯಬೇಕು. ಅವನು ಮಣ್ಣಲ್ಲಿ ಅಡ್ಡ ಮಲಗಿ ಪ್ರತಿಭಟಿಸುತ್ತಿರುವಾಗಲೇ ಆಕಾಶದಲ್ಲಿ ಹಡಗುಗಳು ಬಂದು, ಅಂತರಿಕ್ಷದ ಬೈಪಾಸಿಗೆ ಭೂಮಿಯನ್ನೇ ಒಡೆಯುತ್ತೇವೆ ಅನ್ನುತ್ತವೆ. ಜನ ಗಾಬರಿಯಾಗಿ ಕೂಗಿದರೆ ಸಿಡುಕಿನ ಉತ್ತರ: ನಕ್ಷೆ, ನೋಟಿಸ್ ಎಲ್ಲ ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ ಐವತ್ತು ವರ್ಷದಿಂದ ಇಟ್ಟಿದ್ದೆವು, ನೀವು ಬಂದು ಆಕ್ಷೇಪಣೆ ಕೊಡಬೇಕಿತ್ತು.


ಗೊರೂರು_ಹಿನ್ನೀರು
(ಬುಧವಾರ, ಬೆಳಗ್ಗೆ 7:31)

ಇವರಿಗೆ ನಮ್ಮ ತಾಲೂಕು ಹೇಗೆ ಗೊತ್ತಾಯಿತು?


ಹಾಸನದ_ಸೊಸೆ
(ಬುಧವಾರ, ಮಧ್ಯಾಹ್ನ 2:15)

ದಾವಣಗೆರೆಯಿಂದ ಈ ಊರಿಗೆ ಬಂದು ಎಂಟು ವರ್ಷ. ನೀವೆಲ್ಲ ಇಂಗ್ಲಿಷ್, ತೆಲುಗು ಅಂತ ಓಡಾಡುತ್ತಿದ್ದೀರಿ. ಲೋಕ ಮುಳುಗುವ ಕಾಮಿಡಿ ನಿಮ್ಮ ಹಾಸನಾಂಬೆ ಗುಡಿಯಲ್ಲೇ ಇದೆಯಲ್ರೀ.

ಗೊತ್ತಿಲ್ಲದವರಿಗೆ: ಗುಡಿಯಲ್ಲಿ ಸೊಸೆ ಕಲ್ಲು ಅಂತ ಇದೆ. ಸೊಸೆ ಮನೆಗೆಲಸ ಬಿಟ್ಟು ದೇವಿ ಮುಂದೆ ಕೂತಿದ್ದಳಂತೆ. ಅತ್ತೆ ಬಂದು ತಲೆಗೆ ಮೊಟಕಿದಳು. ಸೊಸೆ ಅಮ್ಮಾ ಅಂದಳು, ದೇವಿ ಅವಳನ್ನು ಕಲ್ಲು ಮಾಡಿ ತನ್ನ ಹತ್ತಿರವೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿ ಕಡೆ ಸರಿಯುತ್ತದೆ. ಪಾದ ಮುಟ್ಟಿದ ದಿನ ಕಲಿಯುಗ ಮುಗಿಯಿತು.

ಯೋಚನೆ ಮಾಡಿ. ಇಡೀ ಪ್ರಪಂಚದ ಆಯಸ್ಸು ಒಂದು ಅತ್ತೆ ಸೊಸೆ ಜಗಳಕ್ಕೆ ಕಟ್ಟಿಹಾಕಿದೆ. ಧೂಮಕೇತು ಇಲ್ಲ, ಬಾಂಬ್ ಇಲ್ಲ.

ನನ್ನ ಸಿನಿಮಾ ಹೀಗೆ. ಆಶ್ವಯುಜದಲ್ಲಿ ಬಾಗಿಲು ತೆಗೆಯುತ್ತಾರೆ. ಕಲ್ಲು ಮುಟ್ಟಲು ಒಂದೇ ಒಂದು ಕಾಳು ಬಾಕಿ. ಸುದ್ದಿ ಹೊರಗೆ ಬೀಳುತ್ತದೆ. ಮಾರನೇ ದಿನ ಕ್ಯೂ ಬೇಲೂರು ರಸ್ತೆವರೆಗೆ. ಸಾವಿರ ರೂಪಾಯಿ ಟಿಕೆಟ್ ಸಾಲು, ಮುನ್ನೂರರ ಸಾಲು, ಧರ್ಮದರ್ಶನದ ಸಾಲು. ಲೋಕ ಮುಗಿಯುತ್ತಿದೆ, ಆದರೂ ಮುನ್ನೂರರವರು ಸಾವಿರದ ಸಾಲಿಗೆ ನುಗ್ಗಿದರು ಅಂತ ಹೊಡೆದಾಟ. ಅಳತೆ ಮಾಡಲು ಒಂದು ಸಮಿತಿ. ಕಾಳು ಅಂದರೆ ಯಾವ ಕಾಳು, ಭತ್ತವೋ ರಾಗಿಯೋ ಅಂತ ಸಮಿತಿಯಲ್ಲಿ ಎರಡು ಬಣ. ಭತ್ತ ಅಂದರೆ ಈ ವರ್ಷವೇ ಅಂತ್ಯ, ರಾಗಿ ಅಂದರೆ ಇನ್ನೂ ನಾಲ್ಕು ವರ್ಷ ಇದೆ, ಚುನಾವಣೆ ಮುಗಿಸಬಹುದು.

ಇದನ್ನು ನಮ್ಮತ್ತೆಗೆ ಓದಿ ಹೇಳಿದೆ. ನಗಲಿಲ್ಲ. "ಅತ್ತೆ ಹೊಡೆದಳು ಅಂತ ಊರೆಲ್ಲ ಹೇಳ್ತಾರೆ. ಒಲೆ ಮೇಲೆ ಹಾಲಿಟ್ಟು ಹೋಗಿದ್ದು ಯಾರು ಅಂತ ಒಬ್ಬರೂ ಕೇಳಲ್ಲ" ಅಂದರು.


ಕಾಫಿ_ಚರಟ
(ಬುಧವಾರ, ಮಧ್ಯಾಹ್ನ 2:22)

ನಿರ್ಮಾಪಕರು ಯಾರಾದರೂ ಇದ್ದೀರಾ ಇಲ್ಲಿ? ಅತ್ತೆ ಪಾತ್ರಕ್ಕೆ ಅತ್ತೆಯೇ.


ಅರಸೀಕೆರೆ_ಜಂಕ್ಷನ್
(ಬುಧವಾರ, ಮಧ್ಯಾಹ್ನ 3:00)

ಜೋಂಬಿ ಒಂದಾದರೂ ಬೇಕು ಗುರುವೇ. 2004ರ 'ಶಾನ್ ಆಫ್ ದ ಡೆಡ್'. ಬೆಳಗ್ಗೆ ಎದ್ದು ಅಂಗಡಿಗೆ ಹೋಗುತ್ತಾನೆ. ಬೀದಿ ತುಂಬಾ ಹೆಣಗಳು ನಡೆಯುತ್ತಿವೆ. ಅಂಗಡಿಯಲ್ಲಿ ರಕ್ತದ ಮೇಲೆ ಕಾಲು ಜಾರುತ್ತದೆ. ಇವನಿಗೆ ರಾತ್ರಿಯ ಅಮಲು ಇಳಿದಿಲ್ಲ, ಏನೂ ಗಮನಿಸುವುದಿಲ್ಲ. ಹಾಸನದಲ್ಲಿ ಮೊಬೈಲ್ ನೋಡಿಕೊಂಡು ನಂದಿನಿ ಹಾಲು ತರಲು ಹೋಗುವ ನಮಗೂ ಗೊತ್ತಾಗುವುದಿಲ್ಲ. ಆಮೇಲೆ ಜೋಂಬಿಗಳಿಗೆ ಹಳೇ ಗ್ರಾಮೊಫೋನ್ ರೆಕಾರ್ಡ್ ಎಸೆಯುವಾಗ, ಇದು ಎಸಿ, ಅದು ಬೇಡ ಅಂತ ಗೆಳೆಯರಿಬ್ಬರೂ ಆರಿಸುತ್ತಾ ಕೂರುತ್ತಾರೆ!

ಹಿಂದಿಯ 'ಗೋ ಗೋವಾ ಗಾನ್' ಬೇಡ. ಒಂದು ಸಲಕ್ಕೆ ಅಡ್ಡಿಯಿಲ್ಲ, ಎರಡನೇ ಸಲ ಆಗುವುದಿಲ್ಲ.


ಗೊರೂರು_ಹಿನ್ನೀರು
(ಬುಧವಾರ, ಸಂಜೆ 6:10)

ಹಿಂದಿ ಅಂದ ಮೇಲೆ 1983ರ 'ಜಾನೆ ಭಿ ದೋ ಯಾರೋ' ಮರೆಯಬೇಡಿ. ಸೇತುವೆ ಬೀಳುತ್ತದೆ. ಬೀಳಿಸಿದವರು ಆರಾಮ, ಫೋಟೊ ತೆಗೆದ ಇಬ್ಬರು ಬಡಪಾಯಿಗಳು ಜೈಲಿಗೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಕೊನೆಯಲ್ಲಿ ಅವರು ಕತ್ತಿನ ಮೇಲೆ ಕೈ ಎಳೆದುಕೊಂಡಾಗ ಥಿಯೇಟರಿನಲ್ಲಿ ಯಾರೂ ಏಳಲಿಲ್ಲ.


ಮಳೆಗಾಲದ_ಪ್ರೇಕ್ಷಕ
(ಗುರುವಾರ, ರಾತ್ರಿ 9:00)

ಸರಿ, ಅಖೈರು. ಮೊದಲ ವಾರ ಸ್ಟ್ರೇಂಜ್‌ಲವ್, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಬಸ್ಸಿಗೂ ಅನುಕೂಲ. ಎರಡನೇ ವಾರ ಸ್ಕೈಲ್ಯಾಬ್, ಗೊರೂರು ಸರ್ ಮೊದಲು ಕೋಳಿ ಕಥೆ ಹೇಳಬೇಕು. ಮೂರನೇದು ಜಾನೆ ಭಿ ದೋ ಯಾರೋ. ಕೊನೇ ವಾರ ಡೋಂಟ್ ಲುಕ್ ಅಪ್, ಚಿಕ್ಕಮಗಳೂರಿನವರು ಕಾಫಿಪುಡಿ ತರಬೇಕು, ಚಿಕೋರಿ ಇಲ್ಲದ್ದು. 2012 ಇಲ್ಲ, ಕ್ಷಮಿಸಿ. ಶಾನ್ ಇಲ್ಲದ್ದಕ್ಕೆ ನನಗೂ ಬೇಜಾರಿದೆ, ಆದರೆ ಮಾವನ ಮನೆಯಲ್ಲಿ ಅಷ್ಟು ರಕ್ತ ಕಷ್ಟ.

ಚಾರ್ಮಾಡಿ ಅಣ್ಣ, ನಿಮಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇಟ್ಟಿರುತ್ತೇನೆ.


ಹಾಸನದ_ಸೊಸೆ
(ಗುರುವಾರ, ರಾತ್ರಿ 9:04)

ತಿನ್ನೋಕೆ ಏನು?


ಮಳೆಗಾಲದ_ಪ್ರೇಕ್ಷಕ
(ಗುರುವಾರ, ರಾತ್ರಿ 9:06)

ಖಾರ ಮಂಡಕ್ಕಿ. ನನ್ನ ಲೆಕ್ಕ.


ಮಳೆಗಾಲದ_ಪ್ರೇಕ್ಷಕ
(ಭಾನುವಾರ, ರಾತ್ರಿ 10:50)

ಬರಲಾಗದವರಿಗೆ ವರದಿ. ಹದಿನಾಲ್ಕು ಜನ ಬಂದಿದ್ದರು. ಸಂಜೆಯಿಂದಲೇ ಮಳೆ. ಚಿಲ್ಲರೆ ಸೀನಿಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಚಾರ್ಮಾಡಿ ಅಣ್ಣ.

ಒಬ್ಬ ಪೈಲಟ್ ಟೋಪಿ ಬೀಸುತ್ತಾ ಬಾಂಬಿನ ಮೇಲೆ ಕುದುರೆ ಸವಾರಿ ಮಾಡಿಕೊಂಡು ಬೀಳುತ್ತಾನಲ್ಲ, ಸರಿಯಾಗಿ ಅಲ್ಲಿ ಕರೆಂಟು ಹೋಯಿತು. ಲೈನ್‌ಮನ್‌ಗೆ ಫೋನ್ ಮಾಡಿದರೆ, ಮರ ಬಿದ್ದಿದೆ, ಬೆಳಗ್ಗೆ ನೋಡೋಣ ಎಂದರು. ಪ್ರೊಜೆಕ್ಟರ್ ಸತ್ತಿತು. ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಪರ್ಸೆಂಟ್ ಬ್ಯಾಟರಿ. ಹದಿನಾಲ್ಕು ಜನ ಅದರ ಮುಂದೆ ಮುಖಕ್ಕೆ ಮುಖ ತಾಗಿಸಿ ಕೂತೆವು. ಎಲ್ಲ ಮುಗಿದ ಮೇಲೆ ಗಣಿಗಳೊಳಗೆ ನೂರು ವರ್ಷ ಬದುಕುವುದು ಹೇಗೆ, ಯಾರ್‍ಯಾರು ಒಳಗೆ ಹೋಗಬೇಕು ಅಂತ ದೊಡ್ಡವರು ಲೆಕ್ಕ ಹಾಕುತ್ತಿರುವಾಗ ಅದೂ ಹೋಯಿತು.

ಕತ್ತಲೆ. ಮಾವ ಮೇಣದಬತ್ತಿ ತಂದರು. "ಕೊನೆಗೆ ಏನಾಗುತ್ತೆ?" ಅಂತ ಗೊರೂರು ಸರ್ ಕೇಳಿದರು.

"ಎಲ್ಲಾ ಹೋಗುತ್ತೆ ಸರ್. ಬಾಂಬ್ ಮೇಲೆ ಬಾಂಬ್. ಹಿಂದೆ ಮತ್ತೆ ಸಿಗೋಣ ಅಂತ ಒಂದು ಹಾಡು ಬರುತ್ತೆ" ಎಂದೆ.

"ಎಲ್ಲಾನೂ?"

"ಎಲ್ಲಾನೂ."

"ಸರಿ. ಗೊರೂರಿಗೆ ಕೊನೇ ಬಸ್ಸು ಇನ್ನೂ ಇದೆಯಾ ನೋಡಿ."

ಇನ್ನೊಂದು ವಿಷಯ. ಮಂಡಕ್ಕಿ ನಾನೇ ಮಾಡಿಸಿ ತಂದಿದ್ದು, ಫ್ರೀ ಅಂತ ಇಲ್ಲೇ ಬರೆದಿದ್ದೆ. ಈಗ ಪಾತ್ರೆ ತೊಳೆಯುವಾಗ ಅತ್ತೆ ಹೇಳಿದರು, ಮೆಟ್ಟಿಲ ಹತ್ತಿರ ಯಾರೋ ಪೊಟ್ಟಣಕ್ಕೆ ಹತ್ತು ರೂಪಾಯಿ ಇಸಿದುಕೊಳ್ಳುತ್ತಿದ್ದರಂತೆ. ಒಂಬತ್ತು ಜನ ಕೊಟ್ಟಿದ್ದಾರೆ. ಹನ್ನೊಂದು ಗಂಟೆ ಆಗುತ್ತಾ ಬಂತು, ನಾನಿನ್ನೂ ಅದನ್ನೇ ಯೋಚಿಸುತ್ತಾ ಕೂತಿದ್ದೇನೆ. ಯಾರ್ರೀ ಅದು?